ಸಣ್ಣ ಮೊತ್ತದ ಕಲಾ ಕಮಿಷನ್: ಒಪ್ಪುವ ಮೊದಲು ಮಾಡಬೇಕಾದ ಲೆಕ್ಕ

ಪ್ರಶ್ನೆ: ನಮ್ಮ ಪಟ್ಟಣದ ಸಾರ್ವಜನಿಕ ಕಲಾ ಗ್ಯಾಲರಿ ಸ್ಥಳೀಯ ಕಲಾವಿದರು, ಕುಶಲಕರ್ಮಿಗಳು ಮತ್ತು ಬರಹಗಾರರಿಂದ, ಹಣ ಕೊಟ್ಟು ಹೊಸ ಕೃತಿ ಮಾಡಿಸುವ ಸಣ್ಣ ಕಮಿಷನ್‌ಗಳಿಗೆ ಅರ್ಜಿ ಕರೆದಿದೆ. ಗ್ಯಾಲರಿಯ ಸಂಗ್ರಹದಲ್ಲಿರುವ ಯಾವುದಾದರೊಂದು ಕೃತಿಗೆ ಸ್ಪಂದಿಸಿ ಹೊಸದೊಂದನ್ನು ಮಾಡಿಕೊಡಬೇಕು. ನಾನು ಬಟ್ಟೆ, ದಾರಗಳಲ್ಲಿ ಕೆಲಸ ಮಾಡುವವಳು. ಇದುವರೆಗೆ ನನ್ನ ಯಾವ ಕೆಲಸವೂ ಗ್ಯಾಲರಿಯ ಗೋಡೆ ಏರಿಲ್ಲ. ಕೊಡುವ ಮೊತ್ತ ಚಿಕ್ಕದು. ಸಾಮಗ್ರಿ, ಸಾಗಣೆ ಎಲ್ಲವೂ ಅದರೊಳಗೇ. ಅರ್ಜಿ ಹಾಕಲೇ? ಹಾಕಿದರೆ ಏನೆಂದು ಬರೆಯಲಿ? ಮುಗಿದ ಮೇಲೆ ಆ ಕೃತಿ ಯಾರದಾಗುತ್ತದೆ?

ಉತ್ತರ: ಅರ್ಜಿ ಹಾಕಿ. ಆದರೆ ಅರ್ಜಿ ನಮೂನೆಯನ್ನು ತೆರೆಯುವ ಮೊದಲು ಒಂದು ಲೆಕ್ಕ ಮಾಡಿ, ಆ ಲೆಕ್ಕಕ್ಕೆ ತಕ್ಕಂತೆ ನಿಮ್ಮ ಕಲ್ಪನೆಯನ್ನು ಕತ್ತರಿಸಿಕೊಳ್ಳಿ. ಸಣ್ಣ ಕಮಿಷನ್‌ಗಳಲ್ಲಿ ಕಲಾವಿದರು ಬಳಲುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಮೊತ್ತ ಚಿಕ್ಕದಿರುತ್ತದೆ, ಯೋಜನೆ ದೊಡ್ಡದಿರುತ್ತದೆ, ನಡುವಿನ ಅಂತರವನ್ನು ಅವರು ತಮ್ಮ ನಿದ್ದೆಗೆಟ್ಟು ತುಂಬುತ್ತಾರೆ. ಮೊದಲ ಬಾರಿಗೆ ಗೋಡೆ ಸಿಗುತ್ತಿದೆ ಎಂಬ ಹುರುಪಿನಲ್ಲಿರುವವರಿಗೆ ಈ ಅಪಾಯ ಇನ್ನೂ ಹೆಚ್ಚು. ಆಯ್ಕೆ ಸಮಿತಿಗಳಲ್ಲಿ ಕುಳಿತು ಇದನ್ನು ಹತ್ತಿರದಿಂದ ನೋಡಿದ್ದೇನೆ: ಅತ್ಯಂತ ಆಸಕ್ತಿಯ ಅರ್ಜಿಗಳೇ ಎಷ್ಟೋ ಸಲ ಅತ್ಯಂತ ಕಡಿಮೆ ಕೂಲಿಗೆ ಅತ್ಯಂತ ದೀರ್ಘ ದುಡಿಮೆಯನ್ನು ಒಪ್ಪಿಕೊಂಡಿರುತ್ತವೆ.

ಗ್ಯಾಲರಿಗಳು ಇಂಥ ಕಮಿಷನ್‌ಗಳನ್ನು ಕೊಡುವುದೇಕೆ ಎಂಬುದು ತಿಳಿದಿದ್ದರೆ ಉಳಿದದ್ದು ಸುಲಭ. ಸಾರ್ವಜನಿಕ ಸಂಗ್ರಹಾಲಯಗಳಲ್ಲಿ ಸಂಗ್ರಹದ ಬಹುಪಾಲು ಉಗ್ರಾಣದಲ್ಲೇ ಇರುತ್ತದೆ. ಅದನ್ನು ಊರಿನ ಜನರ ಕಣ್ಣಿಗೆ ಮತ್ತೆ ತರಬೇಕು. ಜೊತೆಗೆ, ತೆರಿಗೆಯ ಹಣದಲ್ಲಿ ನಡೆಯುವ ಸಂಸ್ಥೆ ತನ್ನ ಸುತ್ತಲಿನ ಕಲಾವಿದರಿಗೆ ಏನು ಮಾಡಿದೆ ಎಂಬ ಪ್ರಶ್ನೆಗೆ ಉತ್ತರವೂ ಬೇಕು. 2020ರ ಲಾಕ್‌ಡೌನ್ ಕಾಲದಲ್ಲಿ ಬಾಗಿಲು ಮುಚ್ಚಿದ್ದ ಅನೇಕ ಗ್ಯಾಲರಿಗಳು, ಮನೆಯಲ್ಲೇ ಕುಳಿತು ಮಾಡಬಹುದಾದ ಪುಟ್ಟ ಕೆಲಸಗಳನ್ನು ಕಲಾವಿದರಿಗೆ ಹಂಚಿದವು. ಸಂಕಷ್ಟದ ಕಾಲದಲ್ಲಿ ಸಣ್ಣ ಮೊತ್ತವನ್ನು ಹೆಚ್ಚು ಜನರಿಗೆ ಹಂಚುವ ಈ ಯೋಚನೆ ಹೊಸದಲ್ಲ. ಆರ್ಥಿಕ ಮಹಾಕುಸಿತದ ನಡುವೆ, 1933ರ ಡಿಸೆಂಬರ್‌ನಿಂದ 1934ರ ಜೂನ್‌ವರೆಗೆ, ಅಮೆರಿಕ ಸರ್ಕಾರ ಪಬ್ಲಿಕ್ ವರ್ಕ್ಸ್ ಆಫ್ ಆರ್ಟ್ ಪ್ರಾಜೆಕ್ಟ್ ಎಂಬ ಯೋಜನೆಯಲ್ಲಿ 3,749 ಕಲಾವಿದರಿಗೆ ಕೆಲಸ ಕೊಟ್ಟಿತು. ಅವರಿಂದ ಹದಿನೈದು ಸಾವಿರಕ್ಕೂ ಹೆಚ್ಚು ಕೃತಿಗಳು ಹುಟ್ಟಿದವು. ಅಲ್ಲಿ ಕಲಾವಿದರಿಗೆ ಸಿಕ್ಕಿದ್ದು ವಾರದ ಕೂಲಿ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಡಿ. ವಾರದ ಕೂಲಿಗೆ ದುಡಿಯುವವರಿಗೆ ಕೆಲಸ ಬೆಳೆದರೆ ಕೂಲಿಯೂ ಬೆಳೆಯುತ್ತದೆ. ನಿಮಗೆ ಸಿಗುವುದು ಒಂದೇ ಗಂಟು. ಕೆಲಸ ಎಷ್ಟೇ ಬೆಳೆದರೂ ಅದು ಅಷ್ಟೇ ಇರುತ್ತದೆ.

ಈಗ ಲೆಕ್ಕ. ಮೊತ್ತ ಎಷ್ಟೇ ಇರಲಿ, ಅದನ್ನು ನೂರು ಭಾಗ ಎಂದುಕೊಳ್ಳಿ. ಬಟ್ಟೆ, ದಾರ, ಚೌಕಟ್ಟು ಅಥವಾ ತೂಗುಹಾಕುವ ಪಟ್ಟಿಗೆ ಹದಿನೈದು ತೆಗೆದಿಡಿ. ಕಟ್ಟಿ ಕಳಿಸಲು, ನೀವೇ ಹೋಗಿಬರಲು ಹತ್ತು. ಫೋಟೊ ತೆಗೆಸಲು ಐದು. ಏನಾದರೂ ಎಡವಟ್ಟಾದರೆ ಎಂದು ಹತ್ತು. ಉಳಿಯುವ ಅರವತ್ತು ನಿಮ್ಮ ಕೂಲಿ. ಅದನ್ನು ನಿಮ್ಮ ದಿನದ ದರದಿಂದ ಭಾಗಿಸಿ. ದಿನದ ದರ ಗೊತ್ತಿಲ್ಲವೆಂದರೆ, ನಿಮ್ಮಷ್ಟೇ ಪರಿಣತಿಯಿರುವ ಬೇರೆ ಕಸುಬಿನವರು ಒಂದು ದಿನಕ್ಕೆ ಎಷ್ಟು ಕೇಳುತ್ತಾರೋ ಅದನ್ನೇ ಇಟ್ಟುಕೊಳ್ಳಿ, ಅದಕ್ಕಿಂತ ಕಡಿಮೆ ಬೇಡ. ಉತ್ತರ ಆರು ದಿನ ಬಂತು ಎಂದುಕೊಳ್ಳೋಣ. ಆರೂ ದಿನ ಸೂಜಿ ಹಿಡಿಯಬಹುದು ಎಂದು ಭಾವಿಸಬೇಡಿ. ಸಂಗ್ರಹವನ್ನು ನೋಡಲು, ಸಂಗ್ರಹ, ಪ್ರದರ್ಶನಗಳ ಹೊಣೆ ಹೊತ್ತ ಕ್ಯುರೇಟರ್ ಜೊತೆ ಮಾತನಾಡಲು ಒಂದು ದಿನ ಹೋಗುತ್ತದೆ. ಮಾದರಿ ಹೊಲಿದು ನೋಡಲು ಇನ್ನೊಂದು. ಪತ್ರ ವ್ಯವಹಾರ, ಬಿಲ್ಲು, ಕೃತಿಯ ಬಗ್ಗೆ ಒಂದು ಪುಟದ ಟಿಪ್ಪಣಿ, ತೂಗುಹಾಕುವ ದಿನದ ಓಡಾಟ ಸೇರಿ ಮತ್ತೊಂದು. ಹಾಗಾಗಿ ಹೊಲಿಗೆಗೆ ಉಳಿಯುವುದು ಮೂರೇ ದಿನ. ನಿಮ್ಮ ಕೃತಿ ಮೂರು ದಿನದಲ್ಲಿ ಮುಗಿಯುವಂಥದ್ದಾಗಿರಬೇಕು.

ಮೂರು ದಿನದಲ್ಲಿ ಎಷ್ಟಾಗುತ್ತದೆ ಎಂಬುದನ್ನು ಅಂದಾಜಿನಲ್ಲಿ ಹೇಳಬೇಡಿ, ಹೊಲಿದೇ ನೋಡಿ. ಒಂದು ಗೇಣು ಉದ್ದ, ಒಂದು ಗೇಣು ಅಗಲದ ತುಂಡನ್ನು ಚೌಕಟ್ಟಿಗೆ ಬಿಗಿದು, ಪಕ್ಕದಲ್ಲಿ ಗಡಿಯಾರ ಇಟ್ಟುಕೊಂಡು, ನೀವು ಅಂದುಕೊಂಡ ಹೊಲಿಗೆಯಲ್ಲೇ ಅದನ್ನು ತುಂಬಿ. ಎಳೆ ಎಳೆಯಾಗಿ ಒತ್ತೊತ್ತಾಗಿ ತುಂಬುವ ಹೊಲಿಗೆಯಾದರೆ ಆ ಗೇಣಗಲಕ್ಕೇ ಒಂದು ದಿನ ಮುಗಿದುಹೋಗುವುದನ್ನು ನೋಡಿ ನಿಮಗೆ ಗಾಬರಿಯಾಗಬಹುದು. ಓಟದ ಹೊಲಿಗೆಯಾದರೆ ಅದೇ ಜಾಗ ಮಧ್ಯಾಹ್ನಕ್ಕೆ ಮೊದಲೇ ತುಂಬುತ್ತದೆ. ಬಣ್ಣ ಬದಲಿಸುವಾಗ ದಾರ ಕತ್ತರಿಸಿ, ಸೂಜಿಗೆ ಪೋಣಿಸಿ, ಹಿಂಬದಿಯಲ್ಲಿ ತುದಿ ಮುಚ್ಚುವ ಹೊತ್ತನ್ನೂ ಸೇರಿಸಿ. ಎಂಟು ಬಣ್ಣದ ಯೋಜನೆಯನ್ನು ಮೂರಕ್ಕೆ ಇಳಿಸಿದರೆ ಉಳಿಯುವ ಸಮಯ ಆಶ್ಚರ್ಯ ಹುಟ್ಟಿಸುವಷ್ಟಿರುತ್ತದೆ. ಯೋಜನೆಯನ್ನು ಕತ್ತರಿಸಬೇಕಾದದ್ದು ಇಂಥ ಜಾಗಗಳಲ್ಲಿ: ಅಳತೆಯಲ್ಲಿ, ಬಣ್ಣಗಳ ಸಂಖ್ಯೆಯಲ್ಲಿ, ಹೊಲಿಗೆಯ ಸಾಂದ್ರತೆಯಲ್ಲಿ. ಹೊಲಿಗೆಯ ಗುಣದಲ್ಲಿ ಕತ್ತರಿಸಬೇಡಿ. ಅವಸರದ ಹೊಲಿಗೆ ಗೋಡೆಯ ಮೇಲೆ ಎದ್ದು ಕಾಣುತ್ತದೆ, ಕೆಳಗೆ ನಿಮ್ಮ ಹೆಸರೂ ಇರುತ್ತದೆ.

ವಿಸ್ತೀರ್ಣದ ಮೇಲೆ ಬೆಲೆ ಕಟ್ಟುವ ಮಾತು ಬಂದರೆ ಒಪ್ಪಬೇಡಿ. ಇದು ಬಹಳ ಹಳೆಯ ಜಗಳ. 1470ರ ಮಾರ್ಚ್ 25ರಂದು ಫ್ರಾಂಚೆಸ್ಕೊ ದೆಲ್ ಕೋಸಾ ಎಂಬ ಚಿತ್ರಕಾರ ಇಟಲಿಯ ಫೆರಾರಾದ ಒಡೆಯ ಬೋರ್ಸೊ ದ ಎಸ್ತೆಗೆ ಒಂದು ಪತ್ರ ಬರೆದ. ಸ್ಕಿಫನೋಯ ಅರಮನೆಯ ಗೋಡೆಗಳಿಗೆ ಚಿತ್ರ ಬರೆದ ಎಲ್ಲರಿಗೂ ಅಡಿಗೆ ಹತ್ತು ಬೊಲೊನ್ಯೀನಿ ನಾಣ್ಯಗಳ ಒಂದೇ ದರ ನಿಗದಿಯಾಗಿತ್ತು. ತಾನು ಒಳ್ಳೆಯ ಬಣ್ಣ ಬಳಸಿದ್ದೇನೆ, ಕಲಿತು ಬಂದವನು, ಕಲಿಯುತ್ತಿರುವ ಹುಡುಗರಿಗೆ ಕೊಡುವುದನ್ನೇ ತನಗೂ ಕೊಡುವುದು ನ್ಯಾಯವೇ ಎಂದು ಅವನು ಕೇಳಿದ. ಒಡೆಯ ಒಪ್ಪಲಿಲ್ಲ. ಕೋಸಾ ಫೆರಾರಾ ಬಿಟ್ಟು ಬೊಲೊನ್ಯಾಕ್ಕೆ ಹೋದ. ಇವತ್ತು ಆ ಅರಮನೆಗೆ ಬರುವವರು ಹುಡುಕಿಕೊಂಡು ಹೋಗುವುದು ಅವನು ಬರೆದ ಗೋಡೆಯನ್ನೇ.

ಹದಿನೈದು ವರ್ಷಗಳ ನಂತರ ಫ್ಲಾರೆನ್ಸ್‌ನಲ್ಲಿ ಚಿತ್ರಕಾರ ದೊಮೆನಿಕೊ ಗಿರ್ಲಾಂದಾಯೊ ಮಾಡಿಕೊಂಡ ಕರಾರನ್ನು ಇದರ ಪಕ್ಕಕ್ಕೆ ಇಟ್ಟು ನೋಡಬೇಕು. ಅನಾಥಾಲಯವೊಂದರ ಪೂಜಾಪೀಠದ ಚಿತ್ರಕ್ಕಾಗಿ 1485ರಲ್ಲಿ ಬರೆದದ್ದು ಅದು. ಒಟ್ಟು 115 ಫ್ಲೋರಿನ್ ನಾಣ್ಯಗಳು, ತಿಂಗಳಿಗೆ ಮೂರರಂತೆ ಕಂತು, ಮುಗಿಸಲು 30 ತಿಂಗಳು. ನೀಲಿ ಬಣ್ಣ ಔನ್ಸಿಗೆ ನಾಲ್ಕು ಫ್ಲೋರಿನ್ ಬೆಲೆಯ ದರ್ಜೆಯದ್ದೇ ಆಗಬೇಕು ಎಂಬುದನ್ನೂ ಬರೆದಿದ್ದಾರೆ. ಸಾಮಗ್ರಿಯ ದರ್ಜೆ, ಗಡುವು, ಹಣ ಬರುವ ವೇಳಾಪಟ್ಟಿ ಮೂರೂ ಒಂದೇ ಕಾಗದದಲ್ಲಿವೆ. ಐದು ಶತಮಾನಗಳ ನಂತರ ನಿಮಗೆ ಬರುವ ಎಷ್ಟೋ ಆಹ್ವಾನಪತ್ರಗಳಲ್ಲಿ ಇಷ್ಟು ಸ್ಪಷ್ಟತೆ ಇರುವುದಿಲ್ಲ ಎನ್ನುವುದು ಬೇಸರದ ಸಂಗತಿ. ಅದೇ ಕರಾರಿನಲ್ಲಿ ಒಂದು ಕೆಟ್ಟ ಷರತ್ತೂ ಇದೆ: ಮುಗಿದ ಕೃತಿ ಅಷ್ಟು ಬೆಲೆ ಬಾಳುವುದಿಲ್ಲ ಎಂದು ಮಾಡಿಸಿದವರಿಗೆ ಅನ್ನಿಸಿದರೆ ಮೊತ್ತವನ್ನು ಇಳಿಸಬಹುದಂತೆ. ನಿಮ್ಮ ಕಾಗದದಲ್ಲಿ ‘ತೃಪ್ತಿಕರವಾಗಿದ್ದಲ್ಲಿ ಪಾವತಿಸಲಾಗುವುದು’ ಎಂಬ ಮಾತು ಕಂಡರೆ ಅದು ಇದೇ ಷರತ್ತಿನ ಸಂತಾನ. ತೆಗೆಸಿ. ಒಪ್ಪಿದ ಪ್ರಸ್ತಾವಕ್ಕೆ ಅನುಗುಣವಾಗಿ ಕೃತಿ ತಲುಪಿದರೆ ಪಾವತಿ ಎಂದು ಬರೆಸಿ.

ಹಣ ಯಾವಾಗ ಬರುತ್ತದೆ ಎಂಬುದು ಎಷ್ಟು ಬರುತ್ತದೆ ಎಂಬುದರಷ್ಟೇ ಮುಖ್ಯ. ಕೃತಿ ಒಪ್ಪಿಸಿದ ನಂತರ ಪೂರ್ತಿ ಹಣ ಎಂದರೆ ಅಲ್ಲಿಯವರೆಗಿನ ಖರ್ಚಿಗೆ ನೀವು ಗ್ಯಾಲರಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟಂತೆ. ಸಹಿ ಹಾಕಿದಾಗ ಅರ್ಧ, ಒಪ್ಪಿಸಿದಾಗ ಅರ್ಧ ಎಂದು ಕೇಳುವುದು ವಾಡಿಕೆಯ ಮಾತೇ, ಸಂಕೋಚ ಬೇಡ. ಸಾರ್ವಜನಿಕ ಸಂಸ್ಥೆಗಳಲ್ಲಿ ಕ್ಯುರೇಟರ್ ಬೇರೆ, ಲೆಕ್ಕಪತ್ರ ವಿಭಾಗ ಬೇರೆ. ಕ್ಯುರೇಟರ್ ಎಷ್ಟೇ ಒಳ್ಳೆಯವರಾಗಿದ್ದರೂ ನಿಮ್ಮ ಬ್ಯಾಂಕ್ ವಿವರ, ತೆರಿಗೆ ದಾಖಲೆಗಳು ಆ ವಿಭಾಗದಲ್ಲಿ ನೋಂದಾಯಿತವಾಗುವವರೆಗೆ ಹಣ ಕದಲುವುದಿಲ್ಲ. ಆಯ್ಕೆಯಾದ ದಿನವೇ ಆ ಕಾಗದಗಳನ್ನು ಕಳಿಸಿಬಿಡಿ. ಪ್ರದರ್ಶನ ರದ್ದಾದರೆ ಅಲ್ಲಿಯವರೆಗಿನ ಕೆಲಸಕ್ಕೆ ಎಷ್ಟು ಕೊಡುತ್ತಾರೆ ಎಂಬ ಒಂದು ಸಾಲೂ ಕರಾರಿನಲ್ಲಿರಲಿ.

‘ಹಣ ಕಡಿಮೆಯಾದರೂ ಹೆಸರು ಬರುತ್ತದಲ್ಲ’ ಎಂಬ ಮಾತು ನಿಮ್ಮ ಕಿವಿಗೂ ಬೀಳಬಹುದು. ಈ ಮಾತಿನ ವಿರುದ್ಧ ಕಲಾವಿದರು ಸಂಘಟಿತರಾಗಿ ಹೋರಾಡಿ ಗೆದ್ದ ಉದಾಹರಣೆಗಳಿವೆ. ಕೆನಡಾದಲ್ಲಿ 1968ರಲ್ಲಿ ಚಿತ್ರಕಾರ ಜಾಕ್ ಚೇಂಬರ್ಸ್ ಮತ್ತು ಸಂಗಡಿಗರು ಕಾರ್ಫ್ಯಾಕ್ ಎಂಬ ಸಂಘಟನೆ ಕಟ್ಟಿದರು. ಅದು ಇಂದಿಗೂ ಪ್ರದರ್ಶನಕ್ಕೆ, ಚಿತ್ರ ಮುದ್ರಣಕ್ಕೆ, ಉಪನ್ಯಾಸಕ್ಕೆ ಕನಿಷ್ಠ ಸಂಭಾವನೆಯ ದರಪಟ್ಟಿಯನ್ನು ಪ್ರಕಟಿಸುತ್ತದೆ. 1988ರಲ್ಲಿ ಕೆನಡಾದ ಹಕ್ಕುಸ್ವಾಮ್ಯ ಕಾಯ್ದೆ ಕೃತಿಯನ್ನು ಸಾರ್ವಜನಿಕವಾಗಿ ಪ್ರದರ್ಶಿಸುವ ಹಕ್ಕನ್ನೇ ಕಲಾವಿದರ ಹಕ್ಕೆಂದು ಸೇರಿಸಿಕೊಂಡಿತು. ನ್ಯೂಯಾರ್ಕ್‌ನಲ್ಲಿ 2008ರಲ್ಲಿ ಹುಟ್ಟಿದ ವೇಜ್ ಎಂಬ ಗುಂಪು, ಲಾಭರಹಿತ ಕಲಾಸಂಸ್ಥೆಗಳು ಕಲಾವಿದರಿಗೆ ಸಂಭಾವನೆ ಕೊಡಲೇಬೇಕೆಂದು ಒತ್ತಾಯಿಸುತ್ತಾ ಬಂದಿದೆ. ಇಂಥ ದರಪಟ್ಟಿಗಳು ನಿಮಗೆ ನೇರವಾಗಿ ಅನ್ವಯಿಸದಿರಬಹುದು. ಯಾವ ಯಾವ ಕೆಲಸಕ್ಕೆ ಪ್ರತ್ಯೇಕವಾಗಿ ದುಡ್ಡು ಕೇಳಬಹುದು ಎಂಬುದನ್ನು ಕಲಿಯಲು ಓದಿ. ಉದ್ಘಾಟನೆಯ ದಿನ ಮಾತನಾಡುವುದು, ಮಕ್ಕಳಿಗೆ ಕಮ್ಮಟ ನಡೆಸುವುದು ಕಮಿಷನ್‌ನೊಳಗೆ ಸದ್ದಿಲ್ಲದೆ ಸೇರಿಕೊಳ್ಳುವ ಕೆಲಸಗಳು. ಅವಕ್ಕೆ ಬೇರೆ ಸಂಭಾವನೆ ಇದೆಯೇ ಎಂದು ಕೇಳಿ.

ಪ್ರಸ್ತಾವದಲ್ಲಿ ಏನು ಬರೆಯಬೇಕು ಎಂಬ ನಿಮ್ಮ ಪ್ರಶ್ನೆಗೆ ಬರುತ್ತೇನೆ. ‘ನೆನಪು, ಅಸ್ಮಿತೆ ಮತ್ತು ಅವಕಾಶದ ನಡುವಣ ಸಂಬಂಧವನ್ನು ಈ ಕೃತಿ ಶೋಧಿಸುತ್ತದೆ’ ಎಂಬಂಥ ವಾಕ್ಯ ಬರೆಯಬೇಡಿ. ಸಮಿತಿಯವರು ಒಂದೇ ಕೂತಲ್ಲಿ ಇಂಥ ವಾಕ್ಯಗಳನ್ನು ಸಾಲು ಸಾಲಾಗಿ ಓದುತ್ತಾರೆ, ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. ಅವರಿಗೆ ಬೇಕಿರುವುದು ಸರಳ: ಈಕೆ ನಮ್ಮ ಯಾವ ಕೃತಿಯನ್ನು ನೋಡಿದ್ದಾಳೆ, ಅದರಲ್ಲಿ ಏನನ್ನು ಕಂಡಿದ್ದಾಳೆ, ಏನು ಮಾಡುತ್ತಾಳೆ, ಎಷ್ಟು ಅಳತೆ, ಎಷ್ಟು ದಿನ. ಹಾಗಾಗಿ ಮೊದಲು ಹೋಗಿ ನೋಡಿ. ಒಂದು ಕೃತಿಯ ಮುಂದೆ ಸಾಕಷ್ಟು ಹೊತ್ತು ನಿಂತು, ಅದರೊಳಗಿನ ಒಂದು ಚಿಕ್ಕ ಜಾಗವನ್ನು ಆರಿಸಿಕೊಳ್ಳಿ.

ನಾನು ಹೇಳುವ ನೋಟ ಎಂಥದ್ದು ಎಂಬುದಕ್ಕೆ ಎಲ್ಲರೂ ಬಲ್ಲ ಒಂದು ಚಿತ್ರವನ್ನು ತೆಗೆದುಕೊಳ್ಳೋಣ. ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿರುವ, ಹದಿನೇಳನೇ ಶತಮಾನದ ಡಚ್ ಚಿತ್ರಕಾರ ವರ್ಮೀರ್‌ನ ‘ಲೇಸ್ ಹೆಣೆಯುವವಳು’ ಸುಮಾರು 24 ಸೆಂಟಿಮೀಟರ್ ಎತ್ತರ, 21 ಸೆಂಟಿಮೀಟರ್ ಅಗಲದ್ದು. ಒಂದು ಶಾಲಾ ಪುಸ್ತಕದಷ್ಟೇ ದೊಡ್ಡದು. ಹೆಣ್ಣಿನ ಬೆರಳುಗಳ ನಡುವೆ ಬಿಗಿಯಾಗಿ ನಿಂತ ಎಳೆ ಕೂದಲಿನಷ್ಟು ಸಣ್ಣಗೆ, ಸ್ಪಷ್ಟವಾಗಿ ಕಾಣುತ್ತದೆ. ಮುಂಭಾಗದಲ್ಲಿ ಮೆತ್ತೆಯಿಂದ ಹೊರಬಿದ್ದ ಕೆಂಪು, ಬಿಳಿ ದಾರಗಳು ಮಾತ್ರ ದಾರದಂತಿಲ್ಲ. ಬಣ್ಣವನ್ನು ಹಾಗೇ ಸುರಿದಂತೆ ಹರಿದು ನಿಂತಿವೆ. ಬೆರಳ ನಡುವಿನದು ದಾರ, ಮೆತ್ತೆಯ ಮೇಲಿನದು ದ್ರವ. ದಾರದಲ್ಲೇ ದುಡಿಯುವ ನಿಮಗೆ ಇಲ್ಲೊಂದು ಕೃತಿ ಕಾಣಲಿಲ್ಲವೇ? ಆಗ ಪ್ರಸ್ತಾವ ಹೀಗಾಗುತ್ತದೆ: ‘ಚಿತ್ರದ ಎಡಭಾಗದಲ್ಲಿ ಹರಿಯುವ ಕೆಂಪು ಬಣ್ಣವನ್ನು ಮತ್ತೆ ದಾರವಾಗಿಸುತ್ತೇನೆ. ಬಿಳಿ ಹತ್ತಿ ಬಟ್ಟೆಯ ಮೇಲೆ ಕೆಂಪಿನ ಮೂರು ಛಾಯೆಗಳು, ಅಳತೆ ಮೂಲ ಚಿತ್ರದಷ್ಟೇ. ಹಿಂಬದಿಯ ಗಂಟುಗಳೂ ಕಾಣುವಂತೆ ಎರಡು ಗಾಜುಗಳ ನಡುವೆ ನಿಲ್ಲಿಸುತ್ತೇನೆ. ಹೊಲಿಗೆಗೆ ಮೂರು ದಿನ. ಮಾದರಿಯ ಫೋಟೊ ಲಗತ್ತಿಸಿದ್ದೇನೆ.’ ಇದನ್ನು ಓದಿದ ಯಾರೂ ನಿಮಗೆ ಗ್ಯಾಲರಿಯ ಅನುಭವವಿಲ್ಲ ಎಂಬುದನ್ನು ನೆನೆಸಿಕೊಳ್ಳುವುದಿಲ್ಲ. ನಿಮ್ಮ ಗ್ಯಾಲರಿಯಲ್ಲಿ ವರ್ಮೀರ್ ಇರಲಾರ. ಆದರೆ ಯಾವುದೋ ಭಾವಚಿತ್ರದಲ್ಲಿ ತೋಳಿನ ಅಂಚೋ, ಮೇಜಿನ ಮೇಲಿನ ಬಟ್ಟೆಯ ಮಡಿಕೆಯೋ ಖಂಡಿತ ಇರುತ್ತದೆ, ಅದನ್ನು ನಿಮ್ಮಷ್ಟು ಹತ್ತಿರದಿಂದ ಯಾರೂ ನೋಡಿರುವುದಿಲ್ಲ.

ನೀವು ಆರಿಸಿದ ಕೃತಿಯ ಕಲಾವಿದರು ಬದುಕಿದ್ದರೆ, ಅಥವಾ ತೀರಿಕೊಂಡು ಹೆಚ್ಚು ಕಾಲವಾಗಿಲ್ಲದಿದ್ದರೆ ಒಂದು ಎಚ್ಚರಿಕೆ. ಕ್ಯಾನ್ವಾಸ್ ಗ್ಯಾಲರಿಯ ಬಳಿ ಇದೆ ಎಂದ ಮಾತ್ರಕ್ಕೆ ಅದರ ಹಕ್ಕುಸ್ವಾಮ್ಯವೂ ಗ್ಯಾಲರಿಯದ್ದಲ್ಲ. ಕಲಾವಿದ ತೀರಿಕೊಂಡ ಮೇಲೂ ಭಾರತದಲ್ಲಿ 60 ವರ್ಷ, ಬ್ರಿಟನ್ನಿನಲ್ಲಿ 70 ವರ್ಷ ಅದು ಉಳಿಯುತ್ತದೆ. ಮೂಲವನ್ನು ಗುರುತಿಸುವಷ್ಟು ಹತ್ತಿರದಿಂದ ಅನುಸರಿಸುತ್ತೀರಾದರೆ ಅನುಮತಿ ಪಡೆಯುವ ಹೊಣೆ ಗ್ಯಾಲರಿಯದ್ದೆಂದು ಮೊದಲೇ ಬರೆಸಿ.

ಇನ್ನೊಂದು ವಿಷಯ ಅರ್ಜಿದಾರರು ಕೇಳುವುದೇ ಇಲ್ಲ, ಬಟ್ಟೆಯ ಕೆಲಸದವರಿಗೆ ಇದು ತುಂಬ ಮುಖ್ಯ. ಬಣ್ಣ ಮಾಸದಿರಲೆಂದು ಸಂಗ್ರಹಾಲಯಗಳು ಬಟ್ಟೆಯ ಕೃತಿಗಳಿಗೆ ಸಾಮಾನ್ಯವಾಗಿ 50 ಲಕ್ಸ್‌ನಷ್ಟೇ ಬೆಳಕು ಬೀಳುವಂತೆ ನೋಡಿಕೊಳ್ಳುತ್ತವೆ. ಅದು ಮಬ್ಬು ಬೆಳಕು. ನೀವು ಕಿಟಕಿಯ ಪಕ್ಕ ಕುಳಿತು ಆರಿಸಿದ ಎರಡು ನೀಲಿಗಳು ಅಲ್ಲಿ ಒಂದೇ ನೀಲಿಯಾಗಿ ಕಾಣಬಹುದು. ಮಾದರಿ ತುಂಡನ್ನು ಒಯ್ದು ಅದೇ ಕೋಣೆಯಲ್ಲಿ, ಅದೇ ಬೆಳಕಿನಲ್ಲಿ ನೋಡಿ, ಆಮೇಲೆ ದಾರ ಕೊಳ್ಳಿ. ಬಟ್ಟೆಯ ಜೊತೆ ಹುಳು ಒಳಬರಬಾರದೆಂದು ಕೆಲವು ಸಂಸ್ಥೆಗಳು ಕೃತಿಯನ್ನು ಪ್ರದರ್ಶನಕ್ಕೆ ಮೊದಲು ಗಾಳಿಯಾಡದಂತೆ ಕಟ್ಟಿ ಶೀತಲಪೆಟ್ಟಿಗೆಯಲ್ಲಿ ಇಡುತ್ತವೆ. ಅಂಟು, ಗಾಜಿನ ಮಣಿ, ಮರದ ತುಂಡು ಸೇರಿಸುವ ಯೋಚನೆ ಇದ್ದರೆ ಈ ನಿಯಮ ಇದೆಯೇ ಎಂದು ಕೇಳಿಕೊಳ್ಳಿ. ಕೃತಿ ನಿಮ್ಮ ಮನೆ ಬಿಟ್ಟಾಗಿನಿಂದ ಮರಳುವವರೆಗೆ ವಿಮೆ ಯಾರದ್ದು ಎಂಬುದನ್ನೂ.

ಕೊನೆಯ ಪ್ರಶ್ನೆ, ಕೃತಿ ಯಾರದು. ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ, ಆಹ್ವಾನಪತ್ರಗಳು ಅವನ್ನು ಒಂದೇ ವಾಕ್ಯದಲ್ಲಿ ಕಲಸಿಬಿಡುತ್ತವೆ. ಮೊದಲನೆಯದು ವಸ್ತು, ಅಂದರೆ ಆ ಬಟ್ಟೆ. ಎರಡನೆಯದು ಹಕ್ಕುಸ್ವಾಮ್ಯ, ಅಂದರೆ ಅದರ ಚಿತ್ರವನ್ನು ಪ್ರತಿ ಮಾಡುವ, ಮುದ್ರಿಸುವ, ಮಾರುವ ಹಕ್ಕು. ಮೂರನೆಯದು ನೈತಿಕ ಹಕ್ಕು: ಕೃತಿ ನಿಮ್ಮದೆಂದು ಹೇಳಿಸಿಕೊಳ್ಳುವ, ಅದನ್ನು ನಿಮ್ಮ ಹೆಸರಿಗೆ ಕುಂದು ಬರುವಂತೆ ವಿರೂಪಗೊಳಿಸದಂತೆ ತಡೆಯುವ ಹಕ್ಕು. ಹಕ್ಕುಸ್ವಾಮ್ಯದ ಬಗ್ಗೆ ದೇಶಗಳು ಮಾಡಿಕೊಂಡ 1886ರ ಬರ್ನ್ ಒಪ್ಪಂದಕ್ಕೆ 1928ರಲ್ಲಿ ರೋಮ್‌ನಲ್ಲಿ ಇದು ಸೇರ್ಪಡೆಯಾಯಿತು.

ಹಕ್ಕುಸ್ವಾಮ್ಯದ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ 1989ರ ಆಗಸ್ಟ್‌ನಿಂದ ಈಚೆಗೆ, ಹಣ ಕೊಟ್ಟು ಮಾಡಿಸಿದ ಕೃತಿಯ ಹಕ್ಕುಸ್ವಾಮ್ಯವೂ ಮೊದಲಿಗೆ ಕಲಾವಿದರದ್ದೇ. ಭಾರತದ 1957ರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಹಣ ಕೊಟ್ಟು ಬರೆಸಿದ ಚಿತ್ರ, ಭಾವಚಿತ್ರ, ತೆಗೆಸಿದ ಛಾಯಾಚಿತ್ರಗಳ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ಮಾಡಿಸಿದವರಿಗೇ ಹೋಗುತ್ತದೆ. ಆ ಸಾಲಿನಲ್ಲಿ ಹೊಲಿಗೆಯ ಕೆಲಸದ ಹೆಸರಿಲ್ಲ ಎಂಬ ಧೈರ್ಯದಲ್ಲಿ ಕೂರಬೇಡಿ. ‘ಹಕ್ಕುಸ್ವಾಮ್ಯ ಕಲಾವಿದೆಯದ್ದು’ ಎಂಬ ಎರಡು ಪದಗಳನ್ನು ಕರಾರಿನಲ್ಲಿ ಬರೆಸಿದರೆ ಎಲ್ಲಿದ್ದರೂ ನಿಶ್ಚಿಂತೆ. ಗ್ಯಾಲರಿಗೆ ಬೇಕಿರುವುದು ಪ್ರಚಾರಕ್ಕೆ, ದಾಖಲೆಗೆ, ಶಿಕ್ಷಣಕ್ಕೆ ಫೋಟೊ ಬಳಸುವ ಅನುಮತಿ. ಅದನ್ನು ಸಂತೋಷದಿಂದ ಕೊಡಿ. ಅಂಗಡಿಯಲ್ಲಿ ಮಾರುವ ಕಾರ್ಡು, ಚೀಲಗಳಿಗೆ ಬೇರೆ ಒಪ್ಪಂದ, ಬೇರೆ ಪಾಲು. ‘ಶಾಶ್ವತವಾಗಿ, ಎಲ್ಲ ಮಾಧ್ಯಮಗಳಲ್ಲಿ, ಬೇರೆಯವರಿಗೂ ವರ್ಗಾಯಿಸಬಹುದಾದ’ ಎಂಬ ಪದಗಳು ಕಂಡರೆ ಸಹಿ ಹಾಕುವ ಮೊದಲು ಮಾತನಾಡಿ. ಎಷ್ಟೋ ಸಲ ಅವು ಯಾವುದೋ ಹಳೆಯ ಮಾದರಿಯಿಂದ ನಕಲಾದ ಸಾಲುಗಳು, ಕೇಳಿದರೆ ತೆಗೆಯುತ್ತಾರೆ.

ನೈತಿಕ ಹಕ್ಕು ಬರೀ ಕಾಗದದ ಮಾತಲ್ಲ. ಟೊರಾಂಟೊದ ವಾಣಿಜ್ಯ ಸಂಕೀರ್ಣವೊಂದರಲ್ಲಿ ಕಲಾವಿದ ಮೈಕಲ್ ಸ್ನೋ ಮಾಡಿದ ಅರವತ್ತು ಹಾರುವ ಹೆಬ್ಬಾತುಗಳ ಶಿಲ್ಪಕ್ಕೆ ಕ್ರಿಸ್‌ಮಸ್ ಅಲಂಕಾರಕ್ಕೆಂದು ಕೊರಳಿಗೆ ರಿಬ್ಬನ್ ಕಟ್ಟಿದಾಗ ಅವರು ನ್ಯಾಯಾಲಯಕ್ಕೆ ಹೋದರು. 1982ರಲ್ಲಿ ಗೆದ್ದು ರಿಬ್ಬನ್ ತೆಗೆಸಿದರು. ದೆಹಲಿಯ ವಿಜ್ಞಾನ ಭವನದ ಗೋಡೆಗೆ ಅಮರನಾಥ್ ಸೆಹಗಲ್ ಮಾಡಿಕೊಟ್ಟ ಬೃಹತ್ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಅವರನ್ನು ಕೇಳದೆ ಕಿತ್ತು ಉಗ್ರಾಣಕ್ಕೆ ತಳ್ಳಲಾಗಿತ್ತು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಭಾಗಗಳನ್ನು ಅವರಿಗೆ ಮರಳಿಸಬೇಕು, ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದು ತೀರ್ಪಿತ್ತಿತು. ನಡುವೆ ಇಪ್ಪತ್ತಾರು ವರ್ಷ ಹೋಗಿತ್ತು. ನೈತಿಕ ಹಕ್ಕುಗಳನ್ನು ಬಿಟ್ಟುಕೊಡುತ್ತೇನೆ ಎಂಬ ಸಾಲಿಗೆ ನೀವು ಸಹಿ ಹಾಕಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ವಸ್ತುವಿನ ವಿಷಯದಲ್ಲಿ ಎರಡು ದಾರಿಗಳಿವೆ. ಪ್ರದರ್ಶನ ಮುಗಿದ ಮೇಲೆ ಕೃತಿ ನಿಮಗೆ ಮರಳುವುದಾದರೆ ಸಣ್ಣ ಮೊತ್ತವೂ ಸಹ್ಯ, ಏಕೆಂದರೆ ಅದನ್ನು ಮುಂದೆ ಮಾರಬಹುದು, ಬೇರೆಡೆ ತೋರಿಸಬಹುದು. ಗ್ಯಾಲರಿ ಅದನ್ನು ಸಂಗ್ರಹಕ್ಕೆ ಉಳಿಸಿಕೊಳ್ಳುವುದಾದರೆ ಅದು ಕಮಿಷನ್ ಜೊತೆಗೆ ಖರೀದಿಯೂ ಹೌದು, ಬೆಲೆ ಬೇರೆ ಆಗಬೇಕು. ಹಣ ಇಲ್ಲವೆಂದರೆ ಚೌಕಾಸಿಗೆ ಜಾಗವಿದೆ: ಚೌಕಟ್ಟು ಅವರು ಹಾಕಿಸಲಿ, ಸಾಗಣೆ ಅವರದಾಗಲಿ, ವೃತ್ತಿಪರ ಫೋಟೊಗಳನ್ನು ತೆಗೆಸಿ ನಿಮಗೆ ಬಳಸಲು ಕೊಡಲಿ. ಇವು ಮೇಲಿನ ಲೆಕ್ಕದಲ್ಲಿ ನಿಮ್ಮ ನೂರು ಭಾಗದಿಂದ ಹೋಗುತ್ತಿದ್ದವು. ಅವರು ಹೊತ್ತುಕೊಂಡರೆ ಅಷ್ಟೂ ನಿಮ್ಮ ಕೂಲಿಗೆ ಸೇರುತ್ತದೆ.

ಅರ್ಜಿಯ ಜೊತೆಗೇ ಪೂರ್ಣ ವಿನ್ಯಾಸ ಕೇಳಿದ್ದರೆ, ಅಥವಾ ಆಯ್ಕೆಯಾಗದವರ ಕಲ್ಪನೆಗಳನ್ನೂ ಗ್ಯಾಲರಿ ಬಳಸಬಹುದು ಎಂದಿದ್ದರೆ ಮಾತ್ರ ದೂರವಿರಿ. ಉಳಿದಂತೆ, ಸಂಶಯಗಳಿಗೆಲ್ಲ ಒಂದೇ ಇಮೇಲ್ ಬರೆಯಿರಿ: ಕಂತು ಹೇಗೆ, ಕೃತಿ ಮರಳುತ್ತದೆಯೇ, ಹಕ್ಕುಸ್ವಾಮ್ಯ ಯಾರದು, ವಿಮೆ ಯಾರದು, ಬೆಳಕು ಎಷ್ಟು, ಮಾತು ಮತ್ತು ಕಮ್ಮಟಕ್ಕೆ ಬೇರೆ ಸಂಭಾವನೆ ಇದೆಯೇ. ಕೊನೆಯ ದಿನಕ್ಕೆ ಸಾಕಷ್ಟು ಮುಂಚೆ ಕಳಿಸಿ. ಇಂಥ ಪ್ರಶ್ನೆ ಕೇಳಿದವರನ್ನು ಸಮಿತಿ ಕಿರಿಕಿರಿಯ ಅರ್ಜಿದಾರರೆಂದು ಭಾವಿಸುವುದಿಲ್ಲ, ನಾನು ಕುಳಿತ ಮೇಜುಗಳಲ್ಲಂತೂ ಅಂಥವರ ಬಗ್ಗೆ ಭರವಸೆ ಹೆಚ್ಚಿದ್ದನ್ನೇ ಕಂಡಿದ್ದೇನೆ. ಉತ್ತರ ಬರುವಷ್ಟರಲ್ಲಿ ಗೇಣಗಲದ ಆ ಮಾದರಿಯನ್ನು ಹೊಲಿದು ಮುಗಿಸಿ. ಪ್ರಸ್ತಾವಕ್ಕೆ ಲಗತ್ತಿಸಲು ಹೇಗೂ ಅದರ ಫೋಟೊ ಬೇಕಾಗುತ್ತದೆ.